ತವರಿನ ಖಿಡಕಿ, ನನ್ನ ವಿಜ್ಞಾನ

ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಬಾರದು ಎಂಬುದು ನನ್ನ ಜೀವನ ಸಿದ್ಧಾಂತ. ನಮ್ಮ ಟಿವಿ ರಿಮೋಟು ಐದು ವರ್ಷದಿಂದ ಹುಟ್ಟಿದಾಗಿನ ಹಾಳೆಯಲ್ಲೇ ಇದೆ. ಹಾಗಾಗಿ ಬೀದರಿನ ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ನನ್ನ ಹೆಂಡತಿ ಸುಮಂಗಲಾಳ ಅಣ್ಣ, ಮೆಹಕರದ ಬಸಣ್ಣ, ತವರಿನ ಆಹೇರಿ, ಅಂದರೆ ಉಡುಗೊರೆ, ಎಂದು ಆರು ಗಾಜಿನ ಕಿಟಕಿ ಕೂಡಿಸಿಕೊಟ್ಟಾಗ, ಅವುಗಳ ನೀಲಿ ಹಾಳೆ ಮುಟ್ಟಲು ನಾನು ಯಾರಿಗೂ ಬಿಡಲಿಲ್ಲ.

"ತೆಗೀರಿ, ಬ್ಯಾಸಗಿ ಬಿಸಲಿಗಿ ಅಂಟ್ಕೋತದ" ಎಂದಳು ಹೆಂಡತಿ.

"ಸೈನ್ಸ್ ಮಾಸ್ತರಗ ಹೇಳ್ತಿ?" ಎಂದೆ. ವಾದ ಮುಗಿಯಿತು. ಬೇಸಿಗೆ ಮುಗಿಯಲಿಲ್ಲ!

ಮೊನ್ನೆ ತವರಿಗೆ ಹೋಗಿದ್ದವಳ ಫೋನು ಬಂತು. "ಅಣ್ಣಗ ಕರ್ಕೊಂಡು ಬರ್ಲತ್ತೀನಿ, ಖಿಡಕಿ ನೋಡ್ತಾನಂತ. ಹಾಳಿ ತೆಗದೀರಿಲ್ಲ? ಇಲ್ಲಂದ್ರ ನನ್ನ ತವರ ಮರ್ಯಾದಿ ಹೋಯ್ತು ನೋಡ್ರಿ!"

"ಎಂದೋ ತೆಗದೀನಿ" ಎಂದೆ.

ಬಸಣ್ಣ ಆರಡಿ ಆಳು. ಮಾತು ಕಡಿಮೆ. ಹೋರಿಯ ಕೊಂಬು ಹಿಡಿದು ಕೂಡಿಸುವ ಕೈ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವನೆದುರು ನಾನು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ.

ಓಡಿಹೋಗಿ ಹಾಳೆ ಎಳೆದೆ. ಹಾಳೆ ಬಂತು, ಅಂಟು ಬರಲಿಲ್ಲ. ಒಂದು ನೊಣ ಬಂದು ಗಾಜಿನ ಮೇಲೆ ಕೂತಿತು. ಮತ್ತೆ ಏಳಲಿಲ್ಲ!

ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ಕೂಗಿದರು: "ಶೇಂಗಾ ಎಣ್ಣಿ ಹಚ್ರಿ ಮಾಸ್ಟರ್ ಸಾಬ, ಬಟ್ಟೀಲೆ ತಿಕ್ಕ್ರಿ. ಬಸ್, ಮತ್ತೇನೂ ಮಾಡಬ್ಯಾಡ್ರಿ."

ಹಚ್ಚಿದೆ. ಅಂಟು ಮೆತ್ತಗಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ಗಾಜೆಲ್ಲ ಎಣ್ಣೆಮಯ. ಎಣ್ಣೆಯನ್ನು ಹಿಟ್ಟು ಹೀರುತ್ತದೆ. ಹಿಟ್ಟನ್ನು ನೀರು ತೊಳೆಯುತ್ತದೆ. ಇದು ವಿಜ್ಞಾನ. ಡಬ್ಬಿಯಲ್ಲಿದ್ದ ಜೋಳದ ಹಿಟ್ಟನ್ನೆಲ್ಲ ಆರೂ ಕಿಟಕಿಗೆ ಬಳಿದೆ.

ಮತ್ತೆ ಫೋನು. "ಭಾಲ್ಕಿ ದಾಟೀವ್ರಿ."

ತಣ್ಣೀರಿನಿಂದ ತಡವಾದೀತೆಂದು ಕುದಿಯುವ ನೀರನ್ನೇ ಎರಚಿದೆ!

ಇಪ್ಪತ್ತೆರಡು ವರ್ಷ ಒಲೆಯ ಎದುರು ಕೂತು ಬಿಸಿ ರೊಟ್ಟಿ ತಿಂದಿದ್ದೇನೆ. ಹಿಟ್ಟಿಗೆ ಜಿಗಿ ಬರಲೆಂದೇ ಹೆಂಡತಿ ಕುದಿಯುವ ನೀರು ಹಾಕಿ ನಾದುತ್ತಾಳೆ ಎಂಬುದು ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ. ನಾನು ನೋಡಿದ್ದು ತಾಟನ್ನು, ಅವಳ ಕೈಯನ್ನಲ್ಲ! ತಿಕ್ಕಿದಷ್ಟೂ ಹಿಟ್ಟು ಹದವಾಯಿತು. ಮೇಲೆ ಬಿಸಿಲು. ಗಳಿಗೆಯೊಳಗೆ ಆರು ಕಿಟಕಿ ಆರು ರೊಟ್ಟಿಗಳಾಗಿ ಗಟ್ಟಿಯಾದವು.

"ಯಾ ಅಲ್ಲಾ!" ಎಂದರು ಖಾಲಾ. "ಖಿಡಕಿಗಿ ರೊಟ್ಟಿ ಬಡದೀರೇನ್ರಿ? ಪಲ್ಯ ತರ್ಲೇನು?"

ಹೊರಗೆ ಆಟೋ ನಿಂತಿತು.

ಬಸಣ್ಣ ಒಳಗೆ ಬಂದ. ಕೊಟ್ಟ ನೀರು ಕುಡಿಯಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ, ಉಗುರಿನಿಂದ ಕೆರೆದು, ಬೆರಳಲ್ಲಿ ಹೊಸಕಿ ಮೂಸಿದ. ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಅದು ಇನ್ನೂ ಭಯಂಕರ.

"ಜ್ವಾಳ" ಎಂದ. ಮತ್ತೊಮ್ಮೆ ಮೂಸಿ, "ನಮ್ಮ ಹೊಲದ್ದು."

ನಾನು ಗೋಡೆಗೆ ಅಂಟಿ ನಿಂತೆ.

"ಮಾಸ್ತರ್ರ, ಈ ಮನಿಗಿ ಖಿಡಕಿ ಕೊಟ್ಟೀನಿ, ಜ್ವಾಳ ಕೊಟ್ಟೀನಿ, ತಂಗೀನೂ ಕೊಟ್ಟೀನಿ. ಒಂದನ್ನರ ಹ್ಯಾಂಗ ಇಟ್ಕೋಬೇಕಂತ ಗೊತ್ತದೇನ್ರಿ?"

ಸುಮಂಗಲಾ ಸೆರಗು ಸಿಕ್ಕಿಸಿದಳು. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಗಾಜಿಗೆ ಹೊದಿಸಿ ನೆನೆಸಿದಳು. ಅರ್ಧ ತಾಸಿಗೆ ಹಿಟ್ಟು, ಎಣ್ಣೆ, ಅಂಟು ಎಲ್ಲವೂ ಒಟ್ಟಿಗೆ ಸುಲಿದು ಬಂದವು, ಆ ನೊಣದ ಸಮೇತ. ಗಾಜು ಫಳಫಳ!

"ನೋಡಿದ್ರಿಲ್ಲ? ಹಿಟ್ಟು ಕೆಲಸ ಮಾಡ್ತು!" ಎಂದೆ.

"ಹೌದ್ರಿ, ಹಿಟ್ಟು ಮಾಡ್ತು" ಎಂದಳು ಹೆಂಡತಿ. "ಇನ್ನ ಊಟಕ್ಕ ರೊಟ್ಟಿ ಇಲ್ಲ. ನಿಮ್ಮ ಸೈನ್ಸ್ ಬಡೀಲೇನು?"

ಬಸಣ್ಣ ಕೂತು ಟಿವಿಗೆಂದು ರಿಮೋಟು ಎತ್ತಿಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ. ಪರ್ ಎಂದು ಐದು ವರ್ಷದ ಹಾಳೆ ಹರಿದು, ಅದನ್ನು ನನ್ನ ಕೈಗೆ ಕೊಟ್ಟ. ನಾನು ಎರಡೂ ಕೈಯೊಡ್ಡಿ, ಪ್ರಸಾದದಂತೆ ತೆಗೆದುಕೊಂಡೆ.

ಅದು ಕೈಗೆ ಅಂಟಿಕೊಂಡಿತು!