ನಿಂತಲ್ಲೇ ಓಡಿದ ವಾಹನ

ಚಕ್ರವಿದ್ದು ಕಾಲಿನಿಂದ ತುಳಿಯಲಾಗುವ ಪ್ರತಿಯೊಂದು ವಸ್ತುವೂ ವಾಹನವೇ ಆಗಿರುತ್ತದೆ ಎಂದು ತೆರಿಗೆ ಇಲಾಖೆ ಸುತ್ತೋಲೆ ಹೊರಡಿಸಿದ ದಿನ, ದರ್ಜಿಯಮ್ಮನ ಹೊಲಿಗೆ ಯಂತ್ರ ವಾಹನವಾಯಿತು. ತೆರಿಗೆ ಕಟ್ಟದ ವಾಹನವಾದ್ದರಿಂದ ಅದನ್ನು ಜಪ್ತಿ ಮಾಡಿ ಕಚೇರಿಗೆ ಹೊತ್ತೊಯ್ದರು. ಅವಳ ಮನೆಯಲ್ಲಿ ಮೂವತ್ತೆರಡು ಮಕ್ಕಳ ಶಾಲೆ ಅಂಗಿಗಳು ಉಳಿದವು. ಒಂದಕ್ಕೂ ಎಡತೋಳಿರಲಿಲ್ಲ.

ಮೇಲ್ಮನವಿ ಸಾಹೇಬರು ಅವಳ ಅರ್ಜಿಯನ್ನು ಎರಡು ಸಲ ಓದಿ, ನ್ಯಾಯ ಅವಳ ಕಡೆಗೇ ಇದೆಯೆಂದು ಒಪ್ಪಿ, ಪಕ್ಕಕ್ಕಿಟ್ಟರು.

“ಹಾಗಾದ್ರೆ ತೀರ್ಪು ಕೊಡಿ ಸಾರ್.”

“ಕೊಡೋ ಹಾಗಿಲ್ಲಮ್ಮ. ಇದೇ ಥರದ ಪ್ರಶ್ನೆ ಮೇಲಿನ ನ್ಯಾಯಾಲಯದಲ್ಲಿದೆ. ಕುಂಬಾರನ ಚಕ್ರದ್ದು.”

“ಅದು ಯಾವಾಗ ಮುಗಿಯುತ್ತೆ?”

“ಅದಕ್ಕೂ ಮೇಲಿನ ನ್ಯಾಯಾಲಯದಲ್ಲಿ ಸಾಣೆಯವನ ಕಲ್ಲಿನದು ಮುಗಿದ ಮೇಲೆ.”

“ಅದು?”

“ಕೆಳಗಿನವರು ಏನು ಹೇಳ್ತಾರೋ ನೋಡೋಣ ಅಂತ ಅವರು ಕಾಯ್ತಿದ್ದಾರೆ.”

“ಕೆಳಗಿನವರು ಯಾರು?”

“ನಾನೇ,” ಎಂದರು ಸಾಹೇಬರು ವಿನಯದಿಂದ.

“ಚೆನ್ನಾಗಿದೆ. ಹೊಸ ಮದುಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿದ್ದೀರಿ. ಸೋಮವಾರ ಶಾಲೆ ಶುರು. ಮಕ್ಕಳು ಒಂದೇ ತೋಳಲ್ಲಿ ಹೋಗ್ಬೇಕಾ?”

ಸಾಹೇಬರು ಕರುಣಾಳು. ನಿಯಮಾವಳಿ ತಿರುವಿದರು. ನಿಯಮ ನಲವತ್ತೊಂದು: ಜಪ್ತಿಯಾದ ವಾಹನವು ತುಕ್ಕು ಹಿಡಿಯದಂತೆ ಮಾಲೀಕರು ಪ್ರತಿದಿನ ಕಚೇರಿ ವೇಳೆಯಲ್ಲಿ ಬಂದು ಓಡಿಸತಕ್ಕದ್ದು, ವಾಹನವು ಆವರಣ ದಾಟತಕ್ಕದ್ದಲ್ಲ. ದಾಟುವುದಿಲ್ಲವೆಂದು ಅವಳು ಮುಚ್ಚಳಿಕೆ ಬರೆದುಕೊಟ್ಟಳು.

ವಿಚಾರಣಾ ಕೊಠಡಿಯ ಕಿಟಕಿ ಪಕ್ಕದಲ್ಲಿ ವಾಹನ ಓಡತೊಡಗಿತು. ಶನಿವಾರದೊಳಗೆ ಅಷ್ಟೂ ತೋಳು ಕೂಡಿದವು. ಬಾಡಿಗೆಯಿಲ್ಲ, ಗಾಳಿ ಸರಕಾರದ ಫ್ಯಾನಿನದು. ಅವಳು ಮರುವಾರವೂ ಬಂದಳು, ಗಿರಾಕಿಗಳೂ ಬಂದರು. ಗದ್ದಲವಾದಾಗ ಬಾಗಿಲಿಗೆ ಪ್ರಕಟಣೆ ಅಂಟಿತು: “ಮೇಲ್ಮನವಿಯವರು ಬಲಸಾಲು, ಹೊಲಿಗೆಯವರು ಎಡಸಾಲು. ಎಡಸಾಲಿನವರಿಗೆ ಮಾತ್ರ ತಾರೀಖು ತಿಳಿಸಲಾಗುವುದು.”

ಏಳನೆಯ ವರ್ಷ, ಕಾದು ಕಾದು ಬೇಸತ್ತ ಮೇಲಿನವರು ತೀರ್ಪು ಕೊಟ್ಟೇಬಿಟ್ಟರು: ನಿಂತಲ್ಲೇ ತಿರುಗುವುದು ವಾಹನವಲ್ಲ. ಕಾಗದ ಬಂದಾಗ ಸಾಹೇಬರು ಹೊಸ ಕೋಟಿನ ಅಳತೆಗೆ ಎರಡೂ ಕೈ ಚಾಚಿ ನಿಂತಿದ್ದರು. ಓದಿ ಅವರ ಮುಖ ಸಪ್ಪಗಾಯಿತು.

“ಗೆದ್ರಿ ಅಮ್ಮ. ಇನ್ನು ಇದನ್ನ ಮನೆಗೆ ತಗೊಂಡು ಹೋಗಬಹುದು.”

ಎಡಸಾಲಿನವರು ಕತ್ತು ಚಾಚಿದರು. ದರ್ಜಿಯಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

“ತೀರ್ಪು ಬಂದಿರೋದು ಸಾಣೆಕಲ್ಲಿಗಲ್ವಾ ಸಾರ್? ಹೊಲಿಗೆ ಯಂತ್ರಕ್ಕೂ ಅದು ಸಲ್ಲುತ್ತಾ ಅನ್ನೋ ಪ್ರಶ್ನೆ ಮೇಲೆ ಎಲ್ಲೋ ಇದ್ದೇ ಇರುತ್ತೆ. ಆತುರ ಪಡಬೇಡಿ.”

ಸಾಹೇಬರು ವಾದವನ್ನು ಪರಿಶೀಲಿಸಿದರು. ಕಡತದ ಮೇಲೆ ‘ಮುಂದೂಡಲಾಗಿದೆ’ ಎಂದು ಬರೆದು, ಮತ್ತೆ ಕೈ ಚಾಚಿ ನಿಂತರು.