ಇಪ್ಪತ್ತೇಳನೇ ವಾರದ ಹೆಂಡತಿ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಎಂದಿನಂತೆ ಆರೂವರೆಗೆ ಎದ್ದು ಬಚ್ಚಲಮನೆಯ ದೀಪ ಹಾಕಿದಳು. ಅದು ನೀಲಿಯಾಗಿ ಉರಿಯಿತು. ಅಂತ್ಯಕ್ರಿಯೆಗೆ ಬಂದಿದ್ದ ಮೂವತ್ತು ಜನರಲ್ಲಿ ಒಬ್ಬರೂ ಆ ಬಲ್ಬಿನ ಬಗ್ಗೆ ಕೇಳಿರಲಿಲ್ಲ. ಸಾವಿನ ಮನೆಯ ಬಚ್ಚಲು ಹೀಗೇ ಇರುತ್ತದೆ ಅಂದುಕೊಂಡಿರಬೇಕು. ಅದನ್ನು ತಂದವನು ಅವಳ ಗಂಡ. ಹೋದ ತಿಂಗಳು ಅಂಗಡಿಯಲ್ಲಿ ನಿಂತು ಯಾವ ಬಲ್ಬು ತಗೊಳ್ಳಲಿ ಎಂದು ಕೇಳಿದಾಗ, ಪಕ್ಕದಲ್ಲಿದ್ದ ಅವಳು ಫೋನಿನಿಂದ ಕಣ್ಣು ಕೀಳದೆ, ಯಾವುದಾದರೂ ತಗೊಳ್ಳಿ ಎಂದಿದ್ದಳು. ಅವನು ಯಾವುದನ್ನೋ ತಗೊಂಡ. ಅವಳು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವುದು ಅವನ ಗುಣ. ಮದುವೆಯಾದ ಆರು ವರ್ಷದಲ್ಲಿ ಅವಳು ಅತಿ ಹೆಚ್ಚು ಸಲ ಬೈದದ್ದು ಅದಕ್ಕೇ.

ಮುಖ ತೊಳೆದು ಹೊರಗೆ ಬರುವಾಗ ಕೆಳಗಿನ ಮನೆಯ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಲಾರದವರು. ನಿದ್ದೆ ಬಂತಾ ಎಂದು ಕೇಳಿದರು. ಬಂತು ಎಂದಳು. ಅವರ ಕಣ್ಣು ಅವಳ ಭುಜದ ಮೇಲಿಂದ ಹಾದು ಮಲಗುವ ಕೋಣೆಯ ಅಲಮಾರಿಯವರೆಗೆ ಹೋಗಿ ವಾಪಸು ಬಂತು.

"ಅಲಮಾರಿ ಎಲ್ಲ ತೆಗೆದು ನೋಡಿದ್ಯಾ ಮಗಳೇ?"

"ಇನ್ನೂ ಇಲ್ಲ ಮೇಷ್ಟ್ರೇ."

"ಅವಸರ ಏನಿಲ್ಲ," ಎಂದು ಅವಸರವಿರುವ ದನಿಯಲ್ಲೇ ಹೇಳಿ ಅವರು ಇಳಿದುಹೋದರು.

ಎಂಟು ಗಂಟೆಗೆ ಗಂಡನ ಫೋನು ಬಡಿದುಕೊಂಡಿತು. ಅದಕ್ಕೆ ಚಾರ್ಜು ಹಾಕುವುದನ್ನು ಅವಳು ನಿಲ್ಲಿಸಿರಲಿಲ್ಲ, ಯಾಕೆಂದು ಯೋಚಿಸಿಯೂ ಇರಲಿಲ್ಲ. ಆ ಕಡೆಯಿಂದ ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣು ದನಿ ಸಾರ್ ಇದ್ದಾರಾ ಎಂದು ಕೇಳಿತು.

"ಇಲ್ಲ."

"ಎಷ್ಟೊತ್ತಿಗೆ ಬರ್ತಾರೆ ಮೇಡಂ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಹೇಳಿ ಹೋಗಿಲ್ಲ."

ಪರವಾಗಿಲ್ಲ, ಶ್ರೀಮತಿಯವರು ಬಂದರೂ ನಡೆಯುತ್ತದೆ ಎಂದಿತು ದನಿ. ಆಮೇಲೆ ಬಂದ ವಿವರವನ್ನು ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಕೇಳಿಸಿಕೊಂಡಳು. ಸಾರ್ ಎರಡು ವರ್ಷದ ಹಿಂದೆ ಕೆರೆದಂಡೆಯ ಒಂದು ವಿಹಾರಧಾಮದಲ್ಲಿ ಒಂದು ವಾರ ಕೊಂಡಿದ್ದರು. ಮನೆಯಲ್ಲ, ಕೋಣೆಯೂ ಅಲ್ಲ, ಒಂದು ಕೋಣೆಯ ಒಂದು ವಾರ. ಪ್ರತಿ ವರ್ಷದ ಇಪ್ಪತ್ತೇಳನೇ ವಾರಕ್ಕೆ ಅವರೇ ಒಡೆಯರು, ಉಳಿದ ಐವತ್ತೊಂದಕ್ಕೆ ಬೇರೆ ಐವತ್ತೊಂದು ಜನ. ಒಟ್ಟು ಇಪ್ಪತ್ತೈದು ವರ್ಷದ ಒಪ್ಪಂದ, ಇನ್ನೂ ಇಪ್ಪತ್ಮೂರು ಉಳಿದಿವೆ. ಹೋದರೂ ಬಿಟ್ಟರೂ ಪ್ರತಿ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು. ಈಗ ಕಡತದಲ್ಲಿ ಒಂದು ಸಣ್ಣ ಕೆಲಸ ಬಾಕಿ ಇದೆ, ಶ್ರೀಮತಿಯವರು ಇವತ್ತೇ ಕಚೇರಿಗೆ ಬಂದರೆ ಒಳ್ಳೆಯದು. ಹೇಗೂ ಅವರ ಸಹಿಯೂ ಒಪ್ಪಂದದಲ್ಲಿ ಇದೆಯಲ್ಲ.

"ಯಾರ ಸಹಿ?"

"ನಿಮ್ಮದೇ ಮೇಡಂ."

ಅವಳು ಅಂಥ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಅವಳ ಸಂಬಳಕ್ಕೆ ಇಪ್ಪತ್ಮೂರು ವರ್ಷದ ಕೆರೆದಂಡೆಯನ್ನು ಹೊರುವ ತ್ರಾಣ ಇರಲಿಲ್ಲ. ಏನಾದರೂ ಮಾಡಿ ಇದನ್ನು ಇವತ್ತೇ ಕಳಚಿಕೊಳ್ಳಬೇಕು ಎಂದು ನಾದಿನಿಗೆ ಫೋನು ಮಾಡಿದಳು. ನಾದಿನಿ ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಸರದಿ ಚೀಟಿ ಕೊಡುವವಳು, ಆದ್ದರಿಂದ ಲೋಕದ ಎಲ್ಲ ಕಚೇರಿಗಳೂ ತನಗೆ ಗೊತ್ತು ಎಂದು ನಂಬಿದವಳು. ಅರ್ಧ ಗಂಟೆಯಲ್ಲಿ ಬಂದಳು. ಸಹಿಯ ವಿಷಯ ಕೇಳಿ ಕಣ್ಣು ದೊಡ್ಡದು ಮಾಡಿದರೂ ಅಣ್ಣನನ್ನು ಬಿಟ್ಟುಕೊಡಲಿಲ್ಲ.

"ಅತ್ತಿಗೆ, ನಮ್ಮಣ್ಣ ಅಂಥವನಲ್ಲ. ಒಬ್ಬಳನ್ನ ಸಂಭಾಳಿಸೋದ್ರಲ್ಲೇ ಅವನಿಗೆ ಉಸಿರು ಸಾಲ್ತಿರಲಿಲ್ಲ."

ಕಾಗದಪತ್ರಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಇಬ್ಬರೂ ಮೆಟ್ಟಿಲಿಳಿದರೆ ಕೆಳಗೆ ಮೇಷ್ಟ್ರು ಮತ್ತೆ ನಿಂತಿದ್ದರು. ಹೊರಗೆ ಗಾಳಿ ಇದೆ, ಕೋಟು ಇಲ್ಲದೆ ಹೋಗಬಾರದು, ಮನೆಯಲ್ಲಿ ಒಂದು ಕೋಟು ಇರಬೇಕಲ್ಲ ಎಂದರು. ಬಿಸಿಲು ಚುರುಗುಟ್ಟುತ್ತಿತ್ತು. ದುಃಖದಲ್ಲಿರುವವರನ್ನು ಮಾತಾಡಿಸುವುದು ಎಷ್ಟು ಕಷ್ಟ ಪಾಪ ಎಂದು ಅವಳಿಗೆ ಅವರ ಮೇಲೆ ಕನಿಕರ ಬಂತು. ಅವರ ಹೆಂಡತಿ, ಕಟ್ಟಡಕ್ಕೆಲ್ಲ ಆಂಟಿ, ಕಿಟಕಿಯಲ್ಲಿ ಬಟ್ಟೆ ಮಡಚುತ್ತಾ, ಎಲ್ಲಿಗೆ ಹೊರಟಿರಿ ಎಂದರು. ಬ್ಯಾಂಕಿಗೆ ಎಂದು ನಾದಿನಿ ಸುಳ್ಳು ಹೇಳಿದಳು. ಕಟ್ಟಡದಲ್ಲಿ ಒಂದು ಬಾಯಿಗೆ ಬಿದ್ದ ಸುದ್ದಿ ಲಿಫ್ಟಿಗಿಂತ ಬೇಗ ಮೇಲೇರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಕಂಪನಿಯ ಕಚೇರಿ ಏಳನೇ ಮಹಡಿಯಲ್ಲಿತ್ತು. ಗೋಡೆಯ ತುಂಬ ಕೆರೆಗಳು. ಒಳಗೆ ಹೋದ ಕೂಡಲೇ ಇಬ್ಬರ ಕೈಗೂ ಕಿತ್ತಳೆ ರಸ ಬಂತು. ಸದಸ್ಯತ್ವ ರದ್ದು ಮಾಡಬೇಕು ಎಂದಳು ಅವಳು. ಖಂಡಿತ ಮಾಡೋಣ, ಆದರೆ ಒಳಗೆ ಬಂದವರು ಯಾರೇ ಆಗಲಿ ಒಂದೂವರೆ ಗಂಟೆಯ ಪರಿಚಯ ಕಾರ್ಯಕ್ರಮಕ್ಕೆ ಕೂರಬೇಕು, ಅದು ಪದ್ಧತಿ ಎಂದರು. ಮೊನ್ನೆ ಲಿಫ್ಟ್ ರಿಪೇರಿಗೆ ಬಂದವನೂ ಕೂತಿದ್ದನಂತೆ, ಈಗ ನಲವತ್ತೊಂದನೇ ವಾರ ಅವನದು.

ಗಿಳಿ ಚಿತ್ರದ ಟೈ ಕಟ್ಟಿದ ಒಬ್ಬ ಯುವಕ ಎದುರು ಕೂತ. ಸಭಾಂಗಣದಲ್ಲಿ ಇನ್ನೂ ಹತ್ತಾರು ಮೇಜುಗಳಲ್ಲಿ ಗಂಡ ಹೆಂಡಿರನ್ನು ಕೂರಿಸಿಕೊಂಡು ಹತ್ತಾರು ಗಿಳಿ ಟೈಗಳು ಮಾತಾಡುತ್ತಿದ್ದವು. ಯಾರಾದರೂ ಸಹಿ ಹಾಕಿದರೆ ಒಬ್ಬ ಎದ್ದು ಹಿತ್ತಾಳೆಯ ಗಂಟೆ ಬಾರಿಸುತ್ತಿದ್ದ, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಸಹಿ ಹಾಕಿದವರ ಮುಖ ಮಾತ್ರ, ಬಸ್ಸು ಹೊರಟ ಮೇಲೆ ತಪ್ಪು ಬಸ್ಸು ಎಂದು ತಿಳಿದವರ ಹಾಗೆ ಇರುತ್ತಿತ್ತು.

ನಿಮ್ಮ ಜೀವನದ ಕನಸೇನು ಎಂದು ಯುವಕ ಶುರುಮಾಡಿದ. ನಿದ್ದೆ ಎಂದಳು. ಅವನು ನಕ್ಕು, ಸಾರ್ ಜೊತೆ ಕೊನೆಯ ಸಲ ಎಲ್ಲಿಗೆ ಹೋಗಿದ್ದಿರಿ ಎಂದ.

"ಬಲ್ಬು ತರೋಕೆ."

"ಅಲ್ಲ ಮೇಡಂ, ಸಂತೋಷಕ್ಕೆ ಅಂತ."

"ಅದೇ."

ಅವನು ಇನ್ನೂ ನಾಲ್ಕು ಪ್ರಶ್ನೆ ಕೇಳಿದ. ಅವಳು ದುಃಖದಿಂದ ಅಲ್ಲ, ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಉತ್ತರ ಕೊಟ್ಟಳು. ಇಪ್ಪತ್ತು ನಿಮಿಷಕ್ಕೆ ಯುವಕನ ನಗು ತೇವ ಹಿಡಿದ ಗೋಡೆಯ ಸುಣ್ಣದ ಹಾಗೆ ಉದುರಿತು. ಮೂವತ್ತನೇ ನಿಮಿಷಕ್ಕೆ ಅವನು ತನ್ನ ತಾಯಿಗೆ ಫೋನು ಮಾಡಿ ಎರಡು ತಿಂಗಳಾಯಿತು ಎಂದು ಹೇಳಿಕೊಂಡು ಕಣ್ಣೊರೆಸಿದ. ನಾದಿನಿ ಅವನಿಗೆ ತನ್ನ ಕಿತ್ತಳೆ ರಸ ಕೊಟ್ಟಳು. ಪದ್ಧತಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಕಾರ್ಯಕ್ರಮವನ್ನು ಅರ್ಧಕ್ಕೆ ನಿಲ್ಲಿಸಿ ಇಬ್ಬರನ್ನೂ ಮ್ಯಾನೇಜರ ಕೋಣೆಗೆ ಕಳಿಸಿದರು.

ಮ್ಯಾನೇಜರು ದುಂಡಗಿನ, ನುಣ್ಣಗಿನ ಮನುಷ್ಯ. ಸಂತಾಪ ಸೂಚಿಸಿ ಕಡತ ಬಿಚ್ಚಿದರು. ಎಲ್ಲಕ್ಕಿಂತ ಮೇಲೆ ಒಂದು ಗುಲಾಬಿ ಬಣ್ಣದ ಹಾಳೆ ಇತ್ತು. ಅದನ್ನು ಓದಿ, ಅವಳನ್ನು ನೋಡಿ, ಮತ್ತೆ ಓದಿ, ಮೆಲ್ಲಗೆ ಮಡಚಿ ಮೇಜಿನ ಖಾನೆಗೆ ಸೇರಿಸಿದರು. ಆಮೇಲೆ ಒಂದು ಬಿಳಿ ಹಾಳೆ ಮುಂದಿಟ್ಟು ಸಹಿ ಮಾಡಲು ಹೇಳಿದರು. ಮಾಡಿದಳು. ಒಪ್ಪಂದದ ಸಹಿಯ ಪಕ್ಕ ಹಿಡಿದು ನೋಡಿದರು. ಹೆಸರು ಅವಳದೇ. ಅಕ್ಷರ ಮಾತ್ರ ಬೇರೆ, ದುಂಡಗೆ, ಕೊನೆಯಲ್ಲಿ ಬಾಲ ಎಳೆದು ಎರಡು ಚುಕ್ಕೆ ಇಟ್ಟಿತ್ತು.

"ಕ್ಷಮಿಸಿ. ನಮ್ಮ ದಾಖಲೆ ಪ್ರಕಾರ ಅವರ ಹೆಂಡತಿ ನೀವಲ್ಲ. ನಿಮಗೂ ಈ ವಾರಕ್ಕೂ ಸಂಬಂಧ ಇಲ್ಲ. ಹೋಗಿಬನ್ನಿ."

ನಾದಿನಿ ಅತ್ತಿಗೆಯ ಮೊಣಕೈ ಹಿಡಿದು ಎಬ್ಬಿಸಿದಳು. ಬದುಕಿಕೊಂಡೆವು, ಬಾಯಿ ಬಿಡದೆ ನಡೀರಿ ಎಂದು ಕಿವಿಯಲ್ಲಿ ಉಸುರಿದಳು. ಇಬ್ಬರೂ ಬಾಗಿಲವರೆಗೆ ಹೋದರು. ಬಾಗಿಲ ಹಿಡಿ ಅವಳ ಕೈಯಲ್ಲಿತ್ತು. ಅದನ್ನು ತಿರುಗಿಸಿದ್ದರೆ ಇಪ್ಪತ್ಮೂರು ವರ್ಷ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ತಿರುಗಿಸಲಿಲ್ಲ. ಹನ್ನೆರಡು ದಿನದಿಂದ ಒಳಗೆ ಮರಗಟ್ಟಿ ಮಲಗಿದ್ದ ಏನೋ ಒಂದು ಎದ್ದು ಕೂತಿತು.

"ಆ ಸಹಿ ಯಾರದು?"

"ಅವರ ಹೆಂಡತಿಯದು."

"ಅವರ ಹೆಂಡತಿ ನಾನು."

"ಹಾಗಂತ ಬಹಳ ಜನ ಬರ್ತಾರೆ ಮೇಡಂ," ಎಂದರು ಮ್ಯಾನೇಜರು ಅನುಕಂಪದಿಂದ. "ಸಾಬೀತು ಮಾಡೋದು ಕಷ್ಟ. ಬಿಟ್ಟುಬಿಡಿ."

ಬಿಟ್ಟುಬಿಡಿ ಎಂದು ಅವರು ಅನ್ನದಿದ್ದರೆ ಬಿಡುತ್ತಿದ್ದಳೇನೋ. ಮೇಜಿಗೆ ವಾಪಸು ಬಂದು ಚೀಲದಿಂದ ಮದುವೆಯ ಪ್ರಮಾಣಪತ್ರ ತೆಗೆದಳು. ಮರಣ ಪತ್ರ, ಬ್ಯಾಂಕಿನ ಜಂಟಿ ಖಾತೆಯ ಪುಸ್ತಕ, ಇಬ್ಬರೂ ಕಣ್ಣು ಮುಚ್ಚಿಕೊಂಡಿರುವ ಮದುವೆಯ ಫೋಟೋ, ಒಂದೊಂದಾಗಿ ಇಟ್ಟಳು. ಸಾಕ್ಷಿಗೆ ನಾದಿನಿಯನ್ನು ಮುಂದಕ್ಕೆ ತಳ್ಳಿದಳು. ನಾದಿನಿ ದುಃಖದಿಂದ, ಹೌದು ಸಾರ್, ಇವರೇ ಎಂದಳು. ಒಂದೊಂದು ಕಾಗದಕ್ಕೂ ಮ್ಯಾನೇಜರ ಮುಖ ಒಂದೊಂದು ದೀಪ ಹಚ್ಚಿದ ಹಾಗೆ ಬೆಳಗುತ್ತಾ ಹೋಯಿತು. ಕೊನೆಗೆ ಸೋತವರಂತೆ ಕೈ ಚೆಲ್ಲಿ, ನಿಮ್ಮ ಹಕ್ಕನ್ನು ಕಿತ್ತುಕೊಳ್ಳಲು ನಾವು ಯಾರು ಎಂದು ಮೂರು ಕಡೆ ಬೆರಳಿಟ್ಟು ತೋರಿಸಿದರು. ಅವಳು ಮೂರು ಕಡೆಯೂ ಕಾಗದ ತೂತಾಗುವಷ್ಟು ಒತ್ತಿ ಸಹಿ ಹಾಕಿದಳು.

ಹೊರಗೆ ಗಂಟೆ ಮೊಳಗಿತು. ಚಪ್ಪಾಳೆ ಬಿತ್ತು. ಗಿಳಿ ಟೈ ಯುವಕ ಓಡಿಬಂದು, ಹೊಸ ಸದಸ್ಯರಿಗೆ ಕಾಣಿಕೆ ಎಂದು ಚಕ್ರವಿರುವ ಕೆಂಪು ಸೂಟ್‌ಕೇಸೊಂದನ್ನು ಅವಳ ಪಕ್ಕ ನಿಲ್ಲಿಸಿದ. ಅದರ ಮೂಲೆಯಲ್ಲೂ ಒಂದು ಹಳದಿ ಗಿಳಿ.

"ಸರಿ, ಈಗ ರದ್ದು ಮಾಡಿ," ಎಂದಳು ಅವಳು.

"ಅಯ್ಯೋ ಮೇಡಂ, ಗಂಡ ಹೋದ ಮೇಲೆ ಹೆಂಡತಿ ತಿಂಗಳೊಳಗೆ ಬಿಟ್ಟುಕೊಡಬಹುದಿತ್ತು, ಅದಕ್ಕೊಂದು ಹಾಳೆ ಇದೆ. ಒಮ್ಮೆ ಸ್ವೀಕರಿಸಿದ ಮೇಲೆ ಐದು ವರ್ಷ ಬಿಡೋ ಹಾಗಿಲ್ಲ. ನೀವೀಗ ತಾನೇ ಸ್ವೀಕರಿಸಿದ್ರಿ."

ಬಸ್ ನಿಲ್ದಾಣದಲ್ಲಿ ಬೀಳ್ಕೊಡುವಾಗ ನಾದಿನಿ, "ಅತ್ತಿಗೆ, ಹೆಂಡತಿ ಅಂತ ಇಷ್ಟು ಜೋರಾಗಿ ನೀವು ಹೇಳಿದ್ದನ್ನ ಅಣ್ಣ ಇದ್ದಾಗ ಒಂದು ದಿನಾನೂ ಕೇಳಿರಲಿಲ್ಲ," ಎಂದಳು.

ಸಂಜೆ ಕೆಂಪು ಸೂಟ್‌ಕೇಸನ್ನು ಕಣ್ಣಿಗೆ ಬೀಳದಂತೆ ಅಡಗಿಸಲು ಅವಳು ಅಲಮಾರಿ ತೆಗೆದಳು. ಗಂಡನ ಅಂಗಿಗಳ ನಡುವೆ ಒಂದು ಬೂದುಬಣ್ಣದ ಕೋಟು ತೂಗುತ್ತಿತ್ತು. ಅವನು ಕೋಟು ಹಾಕುವವನಲ್ಲ. ಕೈ ಹಾಕಿ ನೋಡಿದಳು. ಎಡ ಜೇಬಿನಲ್ಲಿ ಸೀಮೆಸುಣ್ಣದ ಚೂರು, ಬಲ ಜೇಬಿನಲ್ಲಿ ಹಳದಿ ಗಿಳಿ ಇರುವ ಪೆನ್ನು. ಬೆಳಗಿನಿಂದ ಮೇಷ್ಟ್ರ ಕಣ್ಣು ಅಲಮಾರಿಯ ಕಡೆ ಯಾಕೆ ಓಡುತ್ತಿತ್ತು ಎಂದು ಆಗ ಹೊಳೆಯಿತು. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಕೆಳಗಿಳಿದಳು.

ಬಾಗಿಲು ತೆರೆದಿತ್ತು. ಮೇಷ್ಟ್ರು ಕೋಟು ನೋಡಿ ಎದ್ದು ನಿಂತರು. ಅವಳು ಅವರನ್ನು ನೋಡಲಿಲ್ಲ. ನಡುಮನೆಯ ಮಂಚದ ಕೆಳಗಿಂದ ಕೆಂಪು ಸೂಟ್‌ಕೇಸೊಂದು ಇಣುಕುತ್ತಿತ್ತು. ಅದರ ಮೂಲೆಯಲ್ಲಿ ಗಿಳಿ.

ಮೇಷ್ಟ್ರ ಹೆಂಡತಿ ಅವಳ ನೋಟ ಹಿಡಿದು, ಮಡಚುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಇಳಿಸಿದರು. ಅರವತ್ತೆರಡು ವರ್ಷದ ಹೆಂಗಸು. ಕೂದಲಿಗೆ ಬಣ್ಣ ಹಚ್ಚುವುದನ್ನು ಎರಡು ವರ್ಷದ ಹಿಂದೆ, ಇದ್ದಕ್ಕಿದ್ದಂತೆ ಒಂದು ಭಾನುವಾರ ಶುರುಮಾಡಿದ್ದರು. ಅವತ್ತು ಇಡೀ ಕಟ್ಟಡವೇ ಆ ಬಗ್ಗೆ ಮಾತಾಡಿತ್ತು.

"ಒಂದೂವರೆ ಗಂಟೆಗೆ ಮಾತ್ರ ನಿನ್ನ ಗಂಡನ ಹೆಂಡತಿ ಆಗಿದ್ದೆ ಕಣೇ," ಎಂದರು ಅವರು. "ಆಗ ಜೋಡಿಯಾಗಿ ಬಂದರೆ ಮಾತ್ರ ಒಳಗೆ ಬಿಡ್ತಿದ್ರಂತೆ. ನಿನ್ನ ಕೇಳಿದನಂತೆ. ನಿನಗೆ ಪ್ರಬಂಧ ಬರೆಯೋದಿತ್ತಂತೆ."

ಅವಳಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಕೆಲಸದ ಜೊತೆಗೇ ಬರೆಯುತ್ತಿದ್ದ ಸಂಶೋಧನಾ ಪ್ರಬಂಧದ ನಾಲ್ಕನೇ ಅಧ್ಯಾಯ. ಅವನು ಬಾಗಿಲಲ್ಲಿ ನಿಂತು, ಒಂದೂವರೆ ಗಂಟೆ ಬಾ ಅಂದಿದ್ದ. ಅವಳು ತಲೆ ಎತ್ತದೆ ಅಂದಿದ್ದಳು: ಬೇರೆ ಯಾರನ್ನಾದರೂ ಕರ್ಕೊಂಡು ಹೋಗಿ.

ಅವನು ಕರೆದುಕೊಂಡು ಹೋಗಿದ್ದ.

"ಅವರು ನನ್ನ ವಯಸ್ಸು ಕೇಳಲೇ ಇಲ್ಲ, ರಸಕ್ಕೆ ಐಸ್ ಬೇಕಾ ಅಂತ ಕೇಳಿದ್ರು," ಎಂದರು ಆಂಟಿ. "ಅವನು ಇವರ ಕೋಟು ಹಾಕ್ಕೊಂಡು ಬಂದಿದ್ದ, ನಿನ್ನನ್ನ ಕೆರೆ ದಂಡೆಗೆ ಕರ್ಕೊಂಡು ಹೋಗಿ ಬೆರಗಾಗಿಸಬೇಕು ಅಂತಿದ್ದ. ಎರಡು ವರ್ಷಾನೂ ಫೋನ್ ಮಾಡಿದ. ವಾರ ನಿಮ್ಮದೇ, ಆದ್ರೆ ಕೋಣೆ ಖಾಲಿ ಇಲ್ಲ ಅಂದ್ರು. ಈಗ ಇದೆಲ್ಲ ನಿನ್ನ ತಲೆಗೆ ಬರಬಾರದು ಅಂತ ಮೊನ್ನೆ ತರಕಾರಿಗೆ ಹೋಗ್ತೀನಿ ಅಂತ ಹೋಗಿ, ಪತ್ರಿಕೇಲಿ ಬಂದ ನಿಧನ ವಾರ್ತೆ ತೋರಿಸಿ, ಹೆಂಡತಿಯಾಗಿ ನಾನೇ ಬಿಟ್ಟುಕೊಟ್ಟು ಬಂದೆ. ಎಲ್ಲ ಮುಗೀತು. ನೀನು ಯೋಚನೆ ಮಾಡಬೇಡ."

ದಿಂಬಿನ ಕೆಳಗಿಂದ ಅವರು ತೆಗೆದ ರಸೀದಿ ಗುಲಾಬಿ ಬಣ್ಣದ್ದು. ಕೆಳಗೆ ಅವಳ ಹೆಸರು, ದುಂಡಗೆ, ಬಾಲ ಎಳೆದು ಎರಡು ಚುಕ್ಕೆ.

ಅವಳು ತಾನು ಇವತ್ತು ಬ್ಯಾಂಕಿಗೆ ಹೋಗಿರಲಿಲ್ಲ ಎಂದು ಹೇಳಿದಳು. ಎಲ್ಲಿಗೆ ಹೋಗಿದ್ದೆ, ಏನು ಸಾಬೀತು ಮಾಡಿ ಬಂದೆ ಎಂದೂ ಹೇಳಿದಳು. ಹೇಳುತ್ತಾ ಹೇಳುತ್ತಾ ಹೊಟ್ಟೆಯಿಂದ ಏನೋ ಎದ್ದು ಬಂತು. ಅಳು ಅಂದುಕೊಂಡು ಮೇಷ್ಟ್ರು ನೀರು ತಂದರು. ಅದು ನಗು. ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಂಟಿ ಕಾದು, ಕಣ್ಣು ಕೆಳಗೆ ಹಾಕಿ, ಇಪ್ಪತ್ತೇಳನೇ ವಾರ ಅಂದರೆ ಯಾವಾಗ ಬರುತ್ತದೆ ಎಂದು ಕೇಳಿದರು. ಜುಲೈ ಮೊದಲಲ್ಲಿ, ಆದರೆ ಜೋಡಿಯಾಗಿ ಹೋದರೆ ಮಾತ್ರ ಕೋಣೆ ಕೊಡುತ್ತಾರೆ ಎಂದು ಕಾಗದದಲ್ಲಿದೆ ಎಂದಳು ಅವಳು.

"ಸೂಟ್‌ಕೇಸು ಹೇಗೂ ಎರಡಿದೆ," ಎಂದರು ಆಂಟಿ.

ಅವಳು ಕೋಟನ್ನು ಒಮ್ಮೆ ಕೊಡವಿ, ಕಾಲರು ಸರಿಮಾಡಿ, ಮೇಷ್ಟ್ರ ಕೈಗೆ ಕೊಟ್ಟಳು. ಅವರು ಆಗಲೇ ಅದನ್ನು ತೊಟ್ಟುಕೊಂಡು, ಸೀಮೆಸುಣ್ಣದ ಚೂರು ಇದೆಯೇ ಎಂದು ಮುಟ್ಟಿ ನೋಡಿ, ಗುಂಡಿಗಳನ್ನೆಲ್ಲ ಮೇಲಿನವರೆಗೂ ಹಾಕಿಕೊಂಡರು.

"ಕೆರೆದಂಡೇಲಿ ಚಳಿ ಇರುತ್ತೆ," ಎಂದರು, ಬಹುಶಃ ಜೀವನದಲ್ಲಿ ಮೊದಲ ಸಲ ನೇರವಾಗಿ. "ಇದನ್ನ ಕೇಳಬೇಡಿ. ಇಬ್ಬರಿಗೂ ಈಗಲೇ ಹೇಳಿದೀನಿ."