ಉಪ್ಪಿಲ್ಲದ ಬೆವರು

ನನ್ನ ಸೋದರಮಾವನ ಪ್ರಕಾರ ಕಂಬಳದ ಕೋಣಕ್ಕೂ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಒಂದೇ: ಕೋಣ ಯಾವತ್ತೂ ಫೇಲಾಗುವುದಿಲ್ಲ! ನಾನು ಆಗಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ, ಅದೂ ಚರಿತ್ರೆಯಲ್ಲಿ. ಪಾಣಿಪತದ ಮೂರು ಯುದ್ಧಗಳೂ ನನ್ನ ತಲೆಯೊಳಗೆ ಒಂದೇ ದಿನ, ಒಂದೇ ಗದ್ದೆಯಲ್ಲಿ ನಡೆಯುತ್ತಿದ್ದವು.

ಇದು ಐವತ್ತರ ದಶಕದ ಮಾತು. "ಹುಡುಗಿ ಓದಿದ್ದು ಸಾಕು, ಮದುವೆ ಮಾಡುವ" ಎಂದು ತೋಡಾರಿನ ನಮ್ಮ ಮನೆಯಲ್ಲಿ ಅಜ್ಜಿ ತೀರ್ಪು ಕೊಟ್ಟಾಗಿತ್ತು. ನನಗೋ ಓದಿ ಟೀಚರಾಗುವ ಆಸೆ. ಪುಣ್ಯಕ್ಕೆ ನಮ್ಮಲ್ಲಿ ಕೊನೆಯ ಮಾತು ಮಾವನದು. "ಇನ್ನೊಂದೇ ಸಲ ಪರೀಕ್ಷೆ ಕಟ್ಟಲಿ. ಓದಿಸುವುದು ನಾನು" ಎಂದರು. ಮಾವನಿಗೆ ಓದಲು ಬರುತ್ತಿರಲಿಲ್ಲ!

ಅವರಿಗೆ ಬರುತ್ತಿದ್ದದ್ದು ಕಂಬಳಕ್ಕೆ ಕೋಣ ತಯಾರು ಮಾಡುವುದು. ಅದೇ ಪಾಠಕ್ರಮ ನನಗೂ ಜಾರಿಯಾಯಿತು. ಬೆಳಿಗ್ಗೆ ಕೊಯ್ಲಾದ ಗದ್ದೆಯ ಸುತ್ತ ಓಟ, ಅದರ ಮೇಲೆ ಬೇಯಿಸಿದ ಹುರುಳಿ, ಆಮೇಲೆ ಪುಸ್ತಕ. ಎಣ್ಣೆ ತಿಕ್ಕುವುದೊಂದನ್ನು ಅಜ್ಜಿ ಅಡ್ಡ ಬಂದು ತಪ್ಪಿಸಿದರು.

"ಹೆಣ್ಣುಮಗುವನ್ನು ಕೋಣದ ಹಾಗೆ ಓಡಿಸ್ತೀಯಲ್ಲ ಮಾರಾಯ! ನೋಡಿದವರು ಏನು ಹೇಳಿಯಾರು?"

"ಅವರನ್ನೂ ಓಡಲಿಕ್ಕೆ ಕರೆಯುವ, ಅಮ್ಮ. ಗದ್ದೆ ದೊಡ್ಡದುಂಟು."

ಹಣೆ ಬೆವರದೆ ಪುಸ್ತಕ ಮುಟ್ಟುವಂತಿಲ್ಲ. ಒಂದು ದಿನ ಬಾವಿಯ ನೀರನ್ನು ಹಣೆಗೆ ಚಿಮುಕಿಸಿಕೊಂಡು ಏದುಸಿರು ಬಿಡುತ್ತಾ ಬಂದು ನಿಂತೆ. ಮಾವ ನನ್ನ ಹಣೆ ಸವರಿ, ಬೆರಳನ್ನು ನಾಲಗೆಗೆ ಇಟ್ಟುಕೊಂಡರು.

"ಉಪ್ಪಿಲ್ಲ. ಇನ್ನೊಂದು ಸುತ್ತು!"

ಶಾಲೆಯ ಮಾಸ್ಟ್ರು ಒಮ್ಮೆ ನಗುತ್ತಾ, "ಓಡಿದರೆ ಚರಿತ್ರೆ ನೆನಪಿರ್ತದೆ ಅಂತ ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು.

"ಕೋಣವೇ ಹೇಳಿದ್ದು. ಕಟ್ಟಿ ಹಾಕಿದ ದಿನ ಕರೆದರೂ ತಿರುಗಿ ನೋಡುವುದಿಲ್ಲ. ಓಡಿಸಿದ ದಿನ ಬಾಯಿ ತೆರೆಯುವ ಮೊದಲೇ ಕಿವಿ ನಿಮಿರ್ತದೆ. ನಿಮ್ಮ ಮಕ್ಕಳು ಬೆಂಚಿನಲ್ಲಿ ಕಟ್ಟಿ ಹಾಕಿದವರಲ್ಲವಾ?"



ಪರೀಕ್ಷೆಯ ದಿನ ಮೂಡುಬಿದಿರೆಯ ಬಸ್ಸು ಬಂದು ನಮ್ಮೆದುರೇ ನಿಂತಿತು. ಮಾವ ಕೈಬೀಸಿ, "ನೀವು ಹೋಗಿ, ನಮಗೆ ನಡೆಯಲಿಕ್ಕುಂಟು" ಎಂದು ಅದನ್ನು ಕಳಿಸಿಯೇಬಿಟ್ಟರು! ಮಸಿಕುಡಿಕೆ ಹಿಡಿದು ಅವರು ಮುಂದೆ, ಬೈದುಕೊಳ್ಳುತ್ತಾ ನಾನು ಹಿಂದೆ. ಬೆವರಿಳಿಸುತ್ತಾ ಕೂತ ನನ್ನನ್ನು ಕಂಡು ಪರೀಕ್ಷೆಯ ಮೇಲ್ವಿಚಾರಕರು ಜ್ವರವೇ ಎಂದು ಕೇಳಿದರು. ಆದರೆ ಪ್ರಶ್ನೆಪತ್ರಿಕೆ ತೆರೆದರೆ, ಪಾಣಿಪತದ ಮೂರು ಯುದ್ಧಗಳೂ ಬೇರೆ ಬೇರೆ ಗದ್ದೆಗಳಲ್ಲಿ ಸಾಲಾಗಿ ನಿಂತಿದ್ದವು. ಪಾಸಾದೆ. ಬೆಳ್ತಂಗಡಿಯಲ್ಲಿ ಟೀಚರೂ ಆದೆ.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಮಾವನಿಗೆ ಮರೆವು ಶುರುವಾಯಿತು. ರಜೆಯಲ್ಲಿ ಹೋದರೆ ನನ್ನನ್ನೇ ತೋರಿಸಿ, "ಯಾರಿವರು?" ಎಂದರು. ನನಗೆ ಅಳು ಬಂತು. ಏನು ಮಾಡಬೇಕೆಂದು ತೋಚದೆ ಅವರ ಕೈಹಿಡಿದು ಎಬ್ಬಿಸಿ, ಅಂಗಳದಲ್ಲಿ ಮೆಲ್ಲಗೆ ಸುತ್ತು ಹಾಕಿಸಿದೆ. ಅವರ ಹಣೆ ಒದ್ದೆಯಾಯಿತು. ಬೆರಳಿನಿಂದ ಸವರಿ ನಾಲಗೆಗೆ ಇಟ್ಟುಕೊಂಡೆ. ಉಪ್ಪಿತ್ತು.

ಮಾವ ನನ್ನ ಮುಖವನ್ನೇ ನೋಡಿದರು. "ಏನು ಮಗಾ, ರಿಸಲ್ಟು ಬಂತಾ?"

"ಬಂತು ಮಾವ. ಪಾಸಾದೆ."

ಅವರ ಕಣ್ಣು ತುಂಬಿತು. ತೀರಿಹೋಗಿ ಎಷ್ಟೋ ಕಾಲವಾಗಿದ್ದ ಅಜ್ಜಿಯನ್ನು ಕರೆದು, "ಅಮ್ಮಾ, ಹುಡುಗಿ ಪಾಸಂತೆ! ಇನ್ನು ಮದುವೆಯ ಮಾತೆತ್ತಬೇಡಿ" ಎಂದು ಕೂಗಿ ಹೇಳಿದರು.

ಅವರಿದ್ದಷ್ಟು ಕಾಲ, ಊರಿಗೆ ಹೋದಾಗಲೆಲ್ಲ ನಾನು ಅಂಗಳ ಸುತ್ತಿ ಮತ್ತೆ ಪಾಸಾಗುತ್ತಿದ್ದೆ.